ಒಂದು ಕಮ್ಮಿ ಹೊಡೆಯುವ ಗಡಿಯಾರ

"ನೋಡಪ್ಪಾ, ನನಗೊಂದು ಗಡಿಯಾರ ಬೇಕಾಗಿದೆ. ಮುಳ್ಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನೋಡೋದಕ್ಕಲ್ಲ, ಕೇಳೋದಕ್ಕೆ. ಗಂಟೆ ಗಂಟೆಗೂ ಹೊಡೀಬೇಕು. ಐದಾದರೆ ಐದು, ಹತ್ತಾದರೆ ಹತ್ತು. ಸದ್ದು ಹ್ಯಾಗಿರಬೇಕು ಅಂದರೆ, ಕಂಚಿನ ತಟ್ಟೆಗೆ ಮರದ ಸೌಟಿಂದ ಮೆಲ್ಲಗೆ ತಟ್ಟಿದ ಹಾಗೆ ಢಣ್ ಅನ್ನಬೇಕು, ಆಮೇಲೆ ಸ್ವಲ್ಪ ಹೊತ್ತು ಊಂ ಅಂತ ಗುಂಯ್‌ಗುಡಬೇಕು. ಕೋಗಿಲೆ ಕೂಗೋದು ಬೇಡ, ಹಾಡು ಬೇಡ. ಸೋಮವಾರದ ಒಳಗೆ ಬೇಕು. ಯಾಕೆ ಅಂದರೆ ರಿಪೇರಿಯಿಂದ ಸೋಮವಾರ ಬರುತ್ತೆ ಅಂತ ನಮ್ಮ ಯಜಮಾನರಿಗೆ ಹೇಳಿಬಿಟ್ಟಿದೀನಿ. ಅವರಿಗೆ ಕಣ್ಣು ಅಷ್ಟಾಗಿ ಕಾಣೋದಿಲ್ಲ ಪಾಪ. ಇದನ್ನ ಇನ್ಯಾರಿಗೂ ಹೇಳಬೇಡ."

ಇಷ್ಟು ಉದ್ದದ ವಿಜ್ಞಾಪನೆಯನ್ನು ಲೀಲಾವತಿಯವರು ಸಲ್ಲಿಸಿದ್ದು ಯಾವ ಅಂಗಡಿಯವನಿಗೂ ಅಲ್ಲ, ತಮ್ಮ ಫೋನಿಗೆ. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅದು ಬೇಕಾದ್ದನ್ನು ಹುಡುಕಿಕೊಡುತ್ತದೆ ಎಂದು ಸೊಸೆ ಹಂಸಾ ಕಲಿಸಿದ್ದಳು. ಎಷ್ಟು ಮಾತಾಡಬೇಕು ಎಂದು ಕಲಿಸಿರಲಿಲ್ಲ. ಫೋನು ಸ್ವಲ್ಪ ಹೊತ್ತು ತಿರುತಿರುಗಿ, ಕಂಚಿನ ತಟ್ಟೆ ಮಾರುವ ಒಂದು ಅಂಗಡಿಯ ವಿಳಾಸ ಕೊಟ್ಟಿತು.

"ಅತ್ತೆ, ಅದಕ್ಕೆ ಎರಡು ಮಾತು ಸಾಕು," ಎಂದಳು ಹಂಸಾ, ತಲೆ ಬಾಚಿಕೊಳ್ಳುತ್ತ. "ನೀವು ಅದರ ಹತ್ತಿರ ಮನೆ ಕಷ್ಟ ಹೇಳಿಕೊಂಡು ಕೂತರೆ ಅದೇನು ಮಾಡುತ್ತೆ?"

"ನಾನು ಇನ್ಯಾರ ಹತ್ತಿರ ಹೇಳಿಕೊಳ್ಳಲಿ?" ಎಂದರು ಲೀಲಾವತಿ.

ಹೇಳಿಕೊಳ್ಳುವಂಥದ್ದಾಗಿರಲಿಲ್ಲ ಅದು. ನಡೆದದ್ದು ಇಷ್ಟು. ಲೋಧಿ ಕಾಲೋನಿಯ ಆ ಮೊದಲನೇ ಮಹಡಿಯ ಸರ್ಕಾರಿ ಮನೆ ಹಂಸಾಳ ನೌಕರಿಗೆ ಸಿಕ್ಕಿದ್ದು. ಮಗ ದಿಲೀಪನಿಗೆ ಶಿಲ್ಲಾಂಗಿಗೆ ವರ್ಗವಾಗಿ ಎರಡು ವರ್ಷ. ಉಳಿದವರು ಅತ್ತೆ, ಮಾವ, ಸೊಸೆ, ಮತ್ತು ಒಂದು ಗೋಡೆ ಗಡಿಯಾರ. ಮಾವ ವೆಂಕಟಸುಬ್ಬಯ್ಯನವರು ಆಡಿಟ್ ಆಫೀಸಿನಿಂದ ನಿವೃತ್ತರು. ಕಣ್ಣಿನ ಒತ್ತಡ ಹೆಚ್ಚಾಗಿ ದೃಷ್ಟಿ ಕರಗುತ್ತ ಬಂದು, ಈಗ ಬೆಳಕು ಕತ್ತಲೆ ತಿಳಿಯುತ್ತದೆ, ಎದುರಿಗೆ ಮನುಷ್ಯರು ನಿಂತರೆ ಕಂಬವೋ ಹೆಂಡತಿಯೋ ಎಂಬಷ್ಟು ತಿಳಿಯುತ್ತದೆ. (ಹೆಂಡತಿಯಾದರೆ ಮಾತಾಡುತ್ತದೆ, ಹಾಗೆ ಗುರುತು ಎನ್ನುತ್ತಿದ್ದರು.) ಗಡಿಯಾರ ಹೊಡೆದಾಗ ಎಣಿಸುವುದು ಅವರ ಉದ್ಯೋಗ. ಎಣಿಸಿ ಸುಮ್ಮನಿರುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಲೀಲಾ, ಎಂಟಾಯ್ತು. ಮಾತ್ರೆ." "ಲೀಲಾ, ಹನ್ನೊಂದಾಯ್ತು. ಪೋಸ್ಟಿನವನು ಬಂದನೆ?" "ಲೀಲಾ, ನಾಲ್ಕಾಯ್ತು. ಕಾಫಿ ಹೊತ್ತು ಅಂತ ನಾನೇನೂ ಹೇಳ್ತಾ ಇಲ್ಲ."

ದಿನವಿಡೀ ಹೀಗೆ ಹೊತ್ತು ಸಾರುವ ಗಂಡ, ಭಾನುವಾರಕ್ಕೊಮ್ಮೆ ನೋಯುವ ಮಂಡಿಯಲ್ಲಿ ಸ್ಟೂಲು ಹತ್ತಿ ಕೀಲಿ ಕೊಡುವ ಹೆಂಡತಿ. ತನ್ನನ್ನು ಕೂಗುವ ಬಾಯಿಗೆ ತಾನೇ ಕೀಲಿ ಕೊಡುತ್ತಿದ್ದೇನಲ್ಲ ಎಂದು ಲೀಲಾವತಿಯವರಿಗೆ ಒಂದು ಭಾನುವಾರ ಅನ್ನಿಸಿತು. ಸ್ಟೂಲು ಹತ್ತಲಿಲ್ಲ. ನಾಲ್ಕೈದು ದಿನಕ್ಕೆ ಗಡಿಯಾರ ನಿಂತಿತು. ದೀಪಾವಳಿಗೆ ಮನೆ ಸಾರಿಸಿ ಗುಡಿಸುವಾಗ ಹಳೇ ಪೇಪರಿನ ಜೊತೆ ಅದನ್ನೂ ಇಳಿಸಿ, ಗುಜರಿ ಸಾಮಾನಿನ ಕಬಾಡಿ ಭಯ್ಯಾನ ಗಾಡಿಗೆ ಹಾಕಿದರು. ಗಂಡನಿಗೆ, "ಕೆಟ್ಟಿದೆ, ರಿಪೇರಿಗೆ ಕೊಟ್ಟಿದೀನಿ," ಎಂದರು.

"ಅಚ್ಛಾ," ಎಂದರು ವೆಂಕಟಸುಬ್ಬಯ್ಯನವರು. ಅಷ್ಟೇ.

ಆಮೇಲೆ ಮನೆಯಲ್ಲಿ ಯಾರೂ ಹೊತ್ತು ಸಾರಲಿಲ್ಲ. ಮೊದಲೆರಡು ದಿನ ಲೀಲಾವತಿಯವರಿಗೆ ತವರಿಗೆ ಬಂದ ಹಾಗಿತ್ತು. ಮೂರನೇ ದಿನ ನೋಡುತ್ತಾರೆ, ಮಧ್ಯಾಹ್ನದ ಊಟವಾಗಿ ಗಂಟೆ ಕಳೆದಿಲ್ಲ, ಗಂಡ ಕೈ ತೊಳೆದುಕೊಂಡು ಬಂದು ರಾತ್ರಿಯ ಚಪಾತಿಗೆ ಕೂತಿದ್ದಾರೆ. ಮೋಡವಾಗಿತ್ತು, ಸಂಜೆಯಾಯಿತು ಎಂದುಕೊಂಡಿದ್ದರು. ಇನ್ನೊಂದು ದಿನ ಬೆಳಗಿನ ಮಾತ್ರೆಯನ್ನು ಎರಡು ಸಲ ನುಂಗಿದರು. ಕೇಳಿದರೆ ಮನೆಯವರು ಹೇಳುತ್ತಿದ್ದರು, ಆದರೆ ಗಂಟೆ ಎಷ್ಟು ಎಂದು ಅವರು ಯಾರನ್ನೂ ಕೇಳಲಿಲ್ಲ. ಮೂವತ್ತು ವರ್ಷ ಇನ್ನೊಬ್ಬರ ಲೆಕ್ಕ ತಿದ್ದಿದ ಮನುಷ್ಯ, ತನ್ನ ದಿನದ ಲೆಕ್ಕ ತಪ್ಪಿದೆ ಎಂದು ಯಾರ ಮುಂದೆ ಒಪ್ಪಿಕೊಂಡಾರು? ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ತರಕಾರಿಯವನ ಕೂಗು, ಇಸ್ತ್ರಿಯವಳ ಬಾಗಿಲ ಸದ್ದು, ಶಾಲೆಯ ಬಸ್ಸು, ಇವುಗಳಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ಬಸ್ಸಿಗೆ ರಜೆ ಬಂದರೆ ಅವರ ಬೆಳಗೇ ಆಗುತ್ತಿರಲಿಲ್ಲ.

ಇದನ್ನೆಲ್ಲ ನೋಡಿ ಲೀಲಾವತಿಯವರು ಓಣಿಗೆ ಇಳಿದರು. ಕಬಾಡಿ ಭಯ್ಯಾನನ್ನು ತಡೆದು ಕೇಳಿದರು. ಅವನು, "ಅಮ್ಮಾಜಿ, ಅದು ಅವತ್ತೇ ಮುಂದಕ್ಕೆ ಹೋಯಿತು," ಎಂದು ಹಿಂದಿಯಲ್ಲಿ ಹೇಳಿ ಕೈಯನ್ನು ಆಕಾಶದ ಕಡೆ ತೋರಿಸಿದ, ಗಡಿಯಾರ ಸ್ವರ್ಗಸ್ಥವಾಯಿತು ಎಂಬಂತೆ. ಆಗ ಹುಟ್ಟಿದ್ದು ಈ ಫೋನಿನ ಉಪಾಯ.

ಹಂಸಾ ಎರಡೇ ಮಾತಿನಲ್ಲಿ ಹುಡುಕಿದಾಗ ಆಪ್‌ಗಳು ಸಾಲುಗಟ್ಟಿ ಬಂದವು. ಮೊದಲನೆಯದು ಹೊಡೆಯುವ ಮುಂಚೆ ಒಂದು ಇಂಗ್ಲಿಷ್ ರಾಗ ನುಡಿಸುತ್ತಿತ್ತು. ಮಂಗಳಾರತಿ ಮುಗಿದು ತೀರ್ಥ ಕೊಡುವಷ್ಟು ಹೊತ್ತಾದ ಮೇಲೆ ಗಂಟೆ. ಇನ್ನೊಂದು ಚೆನ್ನಾಗಿಯೇ ಹೊಡೆಯಿತು, ಆದರೆ ಒಂಬತ್ತು ಹೊಡೆದು ಮುಗಿಸಿ, ಅದೇ ಉಸಿರಿನಲ್ಲಿ ಒಬ್ಬ ಹೆಂಗಸು ಬಂದು ರಮ್ಮಿ ಆಡಲು ಕರೆದಳು. "ಇವಳು ದಿನಾ ಬರ್ತಾಳಾ?" ಎಂದು ಲೀಲಾವತಿಯವರು ಗಾಬರಿಯಾದರು. ಕಡೆಗೆ ಭಾನುವಾರ ಸಂಜೆ ಸಿಕ್ಕಿತು ಒಂದು, ಢಣ್ ಅಂದು ಊಂ ಎನ್ನುವಂಥದ್ದು. ಕಣ್ಣು ಮುಚ್ಚಿ ಕೇಳಿದರೆ ಅದೇ ಹಳೇ ಗಡಿಯಾರ. ಲೀಲಾವತಿಯವರಿಗೆ ಕಣ್ಣು ಒದ್ದೆಯಾಯಿತು.

ಸೋಮವಾರ ಫೋನನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಹಳೇ ಗಡಿಯಾರದ ಮೊಳೆಗೇ ತೂಗುಹಾಕಿದರು. "ಗಡಿಯಾರ ಬಂತು ಏನೂಂದ್ರೆ," ಎಂದು ಸಾರಿದರು. ಚಾರ್ಜು ಸಾಲದು ಎಂದು ದಿನಾ ಇಳಿಸಿ ಹತ್ತಿಸಬೇಕು. ವಾರಕ್ಕೊಂದು ಸಲ ಹತ್ತುತ್ತಿದ್ದ ಸ್ಟೂಲನ್ನು ಈಗ ದಿನಕ್ಕೆರಡು ಸಲ ಹತ್ತುವಂತಾಯಿತು. ಪಾಪಕ್ಕೆ ತಕ್ಕ ಪ್ರಾಯಶ್ಚಿತ್ತ ಎಂದುಕೊಂಡು ಹತ್ತಿದರು.

ಮಂಗಳವಾರ ಬೆಳಿಗ್ಗೆ ಚೀಲ ಆರು ಹೊಡೆಯಿತು. ವೆಂಕಟಸುಬ್ಬಯ್ಯನವರು ಶಾಲು ಹೊದ್ದು, ಕೋಲು ಹಿಡಿದು, ಮೆಟ್ಟಿಲಿಳಿದು ಹೋದರು. ದಿನಾ ಏಳಕ್ಕೆ ಪಕ್ಕದ ಬ್ಲಾಕಿನ ಗೆಳೆಯ ಶಂಕರಪ್ಪನವರು ಗೇಟಿನ ಹತ್ತಿರ ಬಂದು, ಕೈಹಿಡಿದು ಪಾರ್ಕಿಗೆ ಕರೆದೊಯ್ಯುವುದು ವಾಡಿಕೆ. ಆರಕ್ಕೆ ಯಾಕೆ ಹೋದರು ಎಂದು ಲೀಲಾವತಿಯವರು ಡಿಕಾಕ್ಷನ್ ಇಳಿಸುತ್ತ ಯೋಚಿಸಿದರು. ಯೋಚನೆ ಅರ್ಧಕ್ಕೆ ಬಂದಾಗ ಹೊಳೆಯಿತು.

ಅವರ ಹಳೇ ಗಡಿಯಾರ ಒಂದು ಕಮ್ಮಿ ಹೊಡೆಯುತ್ತಿತ್ತು. ಹದಿನೆಂಟು ವರ್ಷದ ಹಿಂದೆ ಆರ್.ಕೆ. ಪುರಂನಿಂದ ಮುನಿರ್ಕಾದ ಬಾಡಿಗೆ ಮನೆಗೆ ಸಾಮಾನು ಸಾಗಿಸುವಾಗ ಟೆಂಪೊ ಹಳ್ಳಕ್ಕೆ ಇಳಿದದ್ದೇ, ಅಂದಿನಿಂದ ಮುಳ್ಳು ಎಂಟರಲ್ಲಿದ್ದರೆ ಹೊಡೆತ ಏಳು. ರಿಪೇರಿ ಮಾಡಿಸೋಣವೆಂದರೆ, "ಇನ್ನೊಬ್ಬ ಕೈ ಹಾಕಿದರೆ ಇರೋದೂ ಹೋಗುತ್ತೆ. ಒಂದು ಕೂಡಿಸಿಕೊಂಡರಾಯ್ತು," ಎಂದಿದ್ದರು ಯಜಮಾನರು. ಮನೆಮಂದಿಯೆಲ್ಲ ಒಂದು ಕೂಡಿಸಿಕೊಂಡೇ ಬದುಕಿದರು. ಕೂಡಿಸುತ್ತಿದ್ದೇವೆ ಎಂಬುದೂ ಮರೆತುಹೋಗುವಷ್ಟು ಕೂಡಿಸಿದರು. ಫೋನಿಗೆ ಅಷ್ಟೆಲ್ಲ ಹೇಳಿದ ಲೀಲಾವತಿಯವರು ಇದೊಂದನ್ನು ಹೇಳಿರಲಿಲ್ಲ.

ಓಡಿ ಬಾಲ್ಕನಿಯಿಂದ ನೋಡಿದರೆ, ಡಿಸೆಂಬರಿನ ಹೊಗೆಮಂಜಿನಲ್ಲಿ ಗೇಟಿಗೊರಗಿ ಶಾಲಿನ ಒಂದು ಗಂಟು ನಿಂತಿತ್ತು. ಇಳಿದು ಹೋಗಿ ಕರೆತರಲೇ ಎಂದರೆ ಏನೆಂದು ಹೇಳಿ ಕರೆತರುವುದು? ಗಡಿಯಾರ ಸುಳ್ಳು ಎನ್ನಲೇ, ತಾನು ಸುಳ್ಳು ಎನ್ನಲೇ? ಒಂದು ಗಂಟೆ ಅವರು ಅಲ್ಲಿ ನಿಂತರು, ಇವರು ಇಲ್ಲಿ ನಿಂತರು.

ಸಂಜೆ ಹಂಸಾ ಬಂದದ್ದೇ ತಡ, "ಒಂದು ಕಮ್ಮಿ ಹೊಡೆಯೋ ಆಪ್ ಹುಡುಕು ಕಣೇ," ಎಂದರು.

"ತಪ್ಪು ಹೊಡೆಯೋ ಆಪ್ ಯಾರು ಮಾಡ್ತಾರೆ ಅತ್ತೆ? ಮಾವನಿಗೆ ಹೇಳಿಬಿಡಿ, ಮುಗಿದುಹೋಗುತ್ತೆ."

"ಹೇಳಬಹುದು. ನನ್ನ ಬಾಯಿಗೆ ಬರಬೇಕಲ್ಲ."

ಹಂಸಾ ಅತ್ತೆಯ ಮುಖ ನೋಡಿದಳು. ಆಮೇಲೆ ಫೋನನ್ನು ತಿರುವಿ ತಿರುವಿ ನೋಡಿ, "ಕಾಬೂಲ್," ಎಂದಳು. "ಅಫ್ಘಾನಿಸ್ತಾನದಲ್ಲಿ ನಮಗಿಂತ ಸರಿಯಾಗಿ ಒಂದು ಗಂಟೆ ಹಿಂದೆ. ಫೋನನ್ನ ಕಾಬೂಲ್ ಟೈಮಿಗೆ ಹಾಕಿದೀನಿ. ಇಲ್ಲಿ ಎಂಟಾದಾಗ ಅದು ಏಳು ಹೊಡೆಯುತ್ತೆ. ಚಲೋ, ನನಗೆ ನಾಳೆ ಪಾರ್ಲಿಮೆಂಟ್ ಪ್ರಶ್ನೆಗೆ ಉತ್ತರ ಬರೆದುಕೊಡೋದಿದೆ, ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೊರಡಬೇಕು. ಮಾವನಿಗೆ ಕಣ್ಣಾಸ್ಪತ್ರೆ ಇದೆ, ನೆನಪಿದೆ ತಾನೆ?"

ನೆನಪಿಲ್ಲದೆ ಏನು. ಮೂರು ತಿಂಗಳು ಕಾದು ಸಿಕ್ಕಿದ ದಿನ ಅದು. ಉಳಿದಿರುವ ಬೆಳಕನ್ನಾದರೂ ಹಿಡಿದು ನಿಲ್ಲಿಸಬಹುದೇ ಎಂದು ದೊಡ್ಡ ಡಾಕ್ಟರು ನೋಡಿ ಹೇಳುವವರಿದ್ದರು. ಚೀಟಿ ಕೊಡುವ ಕಿಟಕಿ ಒಂಬತ್ತಕ್ಕೆ ಮುಚ್ಚುತ್ತದೆ. ಎಂಟಕ್ಕೆ ಶಂಕರಪ್ಪನವರು ಮೇನ್ ರೋಡಿನಲ್ಲಿ ಆಟೋ ಹಿಡಿದು ನಿಂತಿರುವುದು, ಇವರು ಇಳಿದು ಹೋಗುವುದು ಎಂದು ಮಾತಾಗಿತ್ತು.

ಬುಧವಾರ ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು. ವೆಂಕಟಸುಬ್ಬಯ್ಯನವರು ಇಸ್ತ್ರಿ ಮಾಡಿದ ಪ್ಯಾಂಟು, ಕೋಟು ತೊಟ್ಟು, ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದು ಕುರ್ಚಿಯಲ್ಲಿ ಕೂತಿದ್ದರು. "ಏಳು ಹೊಡೆದಾಗ ನೀವು ಹೊರಡಿ" ಎಂದು ಹೇಳುವುದು ಗಡಿಯಾರದ ಗುಟ್ಟನ್ನು ಮುಟ್ಟಿದ ಹಾಗಾಗುತ್ತದೆ ಎಂದು, "ಗಡಿಯಾರ ಹೊಡೆದಾಗ ಹೊರಡಿ ಏನೂಂದ್ರೆ," ಎಂದಷ್ಟೇ ಹೇಳಿ, ಏಳೂಮುಕ್ಕಾಲಿಗೆ ಹಿಂದಿನ ಓಣಿಗೆ ಬಟಾಣಿ ತರಲು ಇಳಿದರು ಲೀಲಾವತಿ. ಹೊಸ ಬಟಾಣಿ, ಗಾಡಿಯ ಸುತ್ತ ಜನ. ಕೆಳಮನೆಯ ಸುಮಿತ್ರಾ ಸಿಕ್ಕಿ, ಮಗಳು ಅನನ್ಯಾಳ ಮಾತೆತ್ತಿದಳು. ಇನ್ನೊಬ್ಬರ ಕಷ್ಟ ಕೇಳುವುದೆಂದರೆ ಲೀಲಾವತಿಯವರು ಅರ್ಧದಲ್ಲಿ ಬಿಡುವವರಲ್ಲ. ಪೂರ್ತಿ ಕೇಳಿ, ಒಂದೆರಡು ಸಮಾಧಾನ ಹೇಳಿ, ಬಟಾಣಿ ಹೊತ್ತು ಮೇಲೆ ಬಂದಾಗ ಎಂಟೂಮುಕ್ಕಾಲು.

ಗಂಡ ಅದೇ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಮೊಳೆಯಲ್ಲಿ ಚೀಲ ಗಡಗಡ ನಡುಗುತ್ತ ಭಜನೆ ಹಾಡುತ್ತಿತ್ತು.

"ಲೀಲಾ," ಎಂದರು ವೆಂಕಟಸುಬ್ಬಯ್ಯನವರು ತಣ್ಣಗೆ, "ಗಡಿಯಾರಕ್ಕೆ ಫೋನ್ ಬಂದಿದೆ. ಇದು ನಾಲ್ಕನೇ ಸಲ. ತಗೊಂಡು ಮಾತಾಡು."

ಫೋನಿನಲ್ಲಿ ಶಂಕರಪ್ಪನವರು. "ಎಲ್ಲಮ್ಮಾ ಸುಬ್ಬಯ್ಯನವರು? ಮುಕ್ಕಾಲು ಗಂಟೆಯಿಂದ ಆಟೋದವನ ಬೈಗುಳ ತಿಂತಾ ಇದೀನಿ. ಇನ್ನು ಹೋದರೂ ಚೀಟಿ ಸಿಗೋದಿಲ್ಲ ಬಿಡಿ. ಇವನನ್ನ ಕಳಿಸಿಬಿಡ್ತೀನಿ."

ಮುಂದಿನ ದಿನ ಎಂದರೆ ಇನ್ನೂ ಮೂರು ತಿಂಗಳು. ಲೀಲಾವತಿಯವರು ಸ್ಟೂಲಿನ ಮೇಲೆಯೇ ಕೂತುಬಿಟ್ಟರು.

"ಯಾಕೆ ಹೋಗಲಿಲ್ಲ ನೀವು? ಏಳು ಹೊಡೀಲಿಲ್ವೆ?"

"ಹೊಡೀತು. ಏಳು ಹೊಡೆದರೆ ಏಳು. ಎಂಟು ಹೊಡೀಲಿ ಅಂತ ಕೂತಿದೀನಿ."

"ಒಂದು ಕೂಡಿಸಿಕೋಬೇಕಲ್ಲ, ರೀ."

"ಅದು ಹಳೇ ಗಡಿಯಾರಕ್ಕೆ ಕಣೆ. ಇದು ಸರಿಯಾಗಿ ಹೊಡೆಯುತ್ತೆ ಅಂತ ನಿನ್ನೆ ಗೇಟಿನ ಹತ್ತಿರ ಚಳಿಯಲ್ಲಿ ನಿಂತು ಕಲಿತೆನಲ್ಲ. ಕೂಡಿಸೋದು ನಿಲ್ಲಿಸಿಬಿಟ್ಟೆ. ರಾತ್ರಿಯೆಲ್ಲ ಅಭ್ಯಾಸ ಮಾಡಿದೆ, ಕೂಡಿಸಬೇಡ ಸುಬ್ಬಯ್ಯ ಅಂತ."

ಲೀಲಾವತಿಯವರು ತಾವು ಅವರ ಗಡಿಯಾರವನ್ನು ಕಾಬೂಲಿಗೆ ಕಳಿಸಿದ ಕಥೆ ಹೇಳಿದರು. ವೆಂಕಟಸುಬ್ಬಯ್ಯನವರು ತಲೆದೂಗುತ್ತ ಕೇಳಿದರು, ಆಫೀಸಿನಲ್ಲಿ ದೊಡ್ಡ ತಪ್ಪು ಹಿಡಿದಾಗ ಕೇಳುತ್ತಿದ್ದ ಹಾಗೆ.

"ರಿಪೇರಿಯವನು ಹೊಡೆತ ಸರಿಮಾಡಿ ಕೊಟ್ಟ ಅಂತ ಒಂದು ಮಾತು ಅಂದಿದ್ದರೆ ಆಗ್ತಿತ್ತಲ್ಲ ಲೀಲಾ."

ಅದು ಹೊಳೆದೇ ಇರಲಿಲ್ಲ. ಇಷ್ಟು ಸುಳ್ಳು ಹೇಳಿದವರಿಗೆ ಬೇಕಾದ ಒಂದು ಸುಳ್ಳು ಹೊಳೆಯಲಿಲ್ಲ.

"ನೀವು ನಂಬ್ತಿದ್ರಾ?"

"ನಂಬಿದ ಹಾಗೆ ಇರ್ತಿದ್ದೆ. ಟಿಕ್ ಟಿಕ್ ಅನ್ನದೆ ಇರೋ ಗಡಿಯಾರ ಎಲ್ಲಾದರೂ ಉಂಟೆ?"

ಲೀಲಾವತಿಯವರು ಬಟಾಣಿಯ ಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. "ಹಾಗಾದರೆ ನಿಮಗೆ ಸೋಮವಾರವೇ ಗೊತ್ತಾಯ್ತು."

"ದೀಪಾವಳಿಗೇ ಗೊತ್ತಾಯ್ತು. ಕಬಾಡಿಯವನ ಗಾಡಿ ಓಣಿ ತಿರುವಿನ ಉಬ್ಬು ಹತ್ತಿತಲ್ಲ, ಆಗ ಅದು ಹೊಡೀತು. ನಾಲ್ಕು. ಒಳಗೆ ಇನ್ನೂ ಸ್ವಲ್ಪ ಕೀಲಿ ಉಳಿದಿತ್ತು ಅಂತ ಕಾಣುತ್ತೆ. ನಾನು ಕಿಟಕಿಯಲ್ಲೇ ಇದ್ದೆ."

ಲೀಲಾವತಿಯವರೂ ಕೇಳಿದ್ದರು ಅದನ್ನು. ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿ, ಯಾವುದೋ ಶಾಲೆಯ ಗಂಟೆ ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋಗಿದ್ದರು. ನಾಲ್ಕು ಹೆಜ್ಜೆ ಓಡಿ ಕೂಗಿದ್ದರೆ ಗಾಡಿ ನಿಲ್ಲುತ್ತಿತ್ತು.

"ಆಗಲೇ ಕೇಳಬಾರದಿತ್ತೆ ನನ್ನ?" ಎಂದರು.

"ಏನಂತ ಕೇಳಲಿ? ಸ್ಟೂಲು ಹತ್ತಿದವಳು ನೀನು. ನಾನು ಕೂತು ಎಣಿಸಿದವನು."

ಅಷ್ಟರಲ್ಲಿ ಚೀಲ ಢಣ್ ಎಂದು ಶುರುಮಾಡಿ ಎಂಟು ಹೊಡೆದು, ಊಂ ಎಂದು ನಿಂತಿತು. ಸದ್ದೇನೋ ಅದೇ ಸದ್ದು. ಇಬ್ಬರೂ ಪೂರ್ತಿ ಕೇಳಿದರು.

"ಎಷ್ಟಾಯ್ತು ಈಗ?" ಎಂದರು ವೆಂಕಟಸುಬ್ಬಯ್ಯನವರು. ದೀಪಾವಳಿಯಿಂದೀಚೆಗೆ ಮೊದಲ ಸಲ ಕೇಳಿದ್ದರು.

"ಒಂಬತ್ತು."

"ಕಾಬೂಲಿನದೋ, ನಮ್ಮದೋ?"

"ನಮ್ಮದೇ. ಇನ್ನು ಮೇಲೆ ನಾನೇ ಹೇಳ್ತೀನಿ ಬಿಡಿ, ಗಂಟೆ ಗಂಟೆಗೂ," ಎಂದುಬಿಟ್ಟರು ಲೀಲಾವತಿ. ಅಂದ ಮೇಲೆ, ಬೆಳಗಿನಿಂದ ರಾತ್ರಿಯವರೆಗೆ ಎಷ್ಟು ಗಂಟೆಗಳಿವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಉಸಿರು ಬಿಟ್ಟರು.

ಫೋನನ್ನು ಮೊಳೆಯಿಂದ ಇಳಿಸಿ, ಆಸ್ಪತ್ರೆಯ ಫೈಲನ್ನು ಅದೇ ಚೀಲಕ್ಕೆ ಹಾಕಿ ತೂಗುಹಾಕಿದರು. ಆಮೇಲೆ ಮೊರ, ಬಟ್ಟಲು ತಂದು ಗಂಡನ ಕಾಲ ಹತ್ತಿರ ಇಟ್ಟು, ಬಟಾಣಿ ಸುರಿದು ಕೂತರು. ಕೋಟು ಬಿಚ್ಚದೆಯೇ ವೆಂಕಟಸುಬ್ಬಯ್ಯನವರೂ ಬಗ್ಗಿ ಒಂದು ಹಿಡಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಸಿಪ್ಪೆಯ ಗೆರೆ ತಡವಿ ಬಿಡಿಸಿ, ಕಾಳುಗಳನ್ನು ಒಂದೊಂದಾಗಿ ಎಣಿಸಿ ಬಟ್ಟಲಿಗೆ ಹಾಕತೊಡಗಿದರು. ಬಟ್ಟಲು ತಪ್ಪಿ ನೆಲಕ್ಕೆ ಉರುಳಿದವನ್ನು ಲೀಲಾವತಿಯವರು ಸದ್ದಾಗದಂತೆ ಹೆಕ್ಕಿ ಒಳಗೆ ಹಾಕುತ್ತ ಬಂದರು.