ಸದ್ದಿಲ್ಲದ ಬಸ್ಸಿಗೆ ಬಾಯಿಸದ್ದು ಒದಗಿಸುವ ಕುರಿತು

ಸಾರಿಗೆ ಮತ್ತು ಶುದ್ಧಗಾಳಿ ಇಲಾಖೆ
ಸಂಖ್ಯೆ: ಸಾಶುಇ/ಬಸ್ಸು/ಗಂಟಲು/ಡುರ್ರ್

ವಿಷಯ: ವಿದ್ಯುತ್ ಬಸ್ಸಿನ ಆಗಮನವನ್ನು ಬಾಯಿಯಿಂದ ಪ್ರಕಟಿಸಲು ಅನುಮತಿ ನೀಡುವ ಹಾಗೂ ಸದರಿ ಬಸ್ಸನ್ನು ಅಧಿಕಾರಿಗಳ ವಸತಿಗೃಹಗಳ ಕಡೆಗೆ ತಿರುಗಿಸುವ ಆದೇಶವನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: (ಅ) ಹೊಗೆ ಹೆಚ್ಚು, ಸ್ವಂತ ವಾಹನ ಕಡಿಮೆ ಇರುವ ಬಡಾವಣೆಗಳಿಗೇ ಮೊದಲು ವಿದ್ಯುತ್ ಬಸ್ ನೀಡಬೇಕೆಂಬ ರಾಜ್ಯ ಹವಾಮಾನ ಯೋಜನೆ.
(ಆ) ಸದ್ದಿಲ್ಲದ ಬಸ್ಸಿನಿಂದ ಸದ್ದು ಬರುತ್ತಿದೆ ಎಂದು ನಾಗರಿಕರೊಬ್ಬರು ನೀಡಿದ ದೂರು.

1. ಉಲ್ಲೇಖ (ಅ)ರಂತೆ ಊರಿಗೆ ಬಂದ ಒಂದೇ ಒಂದು ವಿದ್ಯುತ್ ಬಸ್ಸನ್ನು ಗುಡ್ಡದ ಮೇಲಿನ ಬಡಾವಣೆಗೆ ಬಿಡಲಾಗಿತ್ತು. ಹಳೆಯ ಡೀಸೆಲ್ ಬಸ್ಸು ಏರು ಹತ್ತುವಾಗ ಅಲ್ಲಿ ಒಣಹಾಕಿದ ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಉಬ್ಬಸದವರು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು ಎಂಬುದು ಇಲಾಖೆಯ ಗಮನದಲ್ಲಿದೆ.

2. ಹೊಸ ಬಸ್ಸು ಬೆಕ್ಕಿನಂತೆ ಬಂದು ಬೆಕ್ಕಿನಂತೆ ಹೋಗತೊಡಗಿತು. ನಿಲ್ದಾಣದಲ್ಲಿ ರಸ್ತೆಗೆ ಬೆನ್ನು ಹಾಕಿ ಹರಟುತ್ತಿದ್ದವರಿಗೆ ಅದು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಕೈ ಅಡ್ಡ ಹಾಕದವರಿಗೆ ಬಸ್ ನಿಲ್ಲಿಸಬಾರದೆಂಬ ನಿಯಮವಿದ್ದುದರಿಂದ ಚಾಲಕರು ನಿಲ್ಲಿಸಲಿಲ್ಲ. ಆಸ್ಪತ್ರೆಯ ರಸ್ತೆಯಾದುದರಿಂದ ಹಾರ್ನನ್ನು ಇಲಾಖೆಯೇ ಬಿಚ್ಚಿಟ್ಟುಕೊಂಡಿತ್ತು. ಖಾಲಿ ಬಸ್ಸನ್ನು ಕಂಡ ಇಲಾಖೆಯು, ಗುಡ್ಡದ ಮೇಲಿನವರಿಗೆ ಬಸ್ಸೇ ಬೇಡವಾಗಿದೆ ಎಂದು ತೀರ್ಮಾನಿಸಿ, ಮನೆಗೆರಡು ಕಾರುಗಳಿರುವ ಅಧಿಕಾರಿಗಳ ವಸತಿಗೃಹಗಳಿಗೆ ಅದನ್ನು ಕಳಿಸಲು ಹಾಗೂ ಡೀಸೆಲ್ ಬಸ್ಸನ್ನು ಪುನಃ ಗುಡ್ಡ ಹತ್ತಿಸಲು ಆದೇಶಿಸಿತು.

3. ಈ ಸುದ್ದಿ ತಿಳಿದ ಸದರಿ ಬಸ್ಸಿನ ಕಂಡಕ್ಟರಮ್ಮನವರು, ತಮ್ಮ ಉಬ್ಬಸದ ತಾಯಿಯೂ ಅದೇ ಬಡಾವಣೆಯವರಾದ ಕಾರಣ, ಆದೇಶ ಜಾರಿಯಾಗುವ ಮೊದಲೇ, ಮರುದಿನ ಮುಂಬಾಗಿಲಿನಿಂದ ತಲೆ ಹೊರಹಾಕಿ "ಡುರ್ರ್ರ್" ಎಂದು ಬಾಯಿಂದ ಸದ್ದು ಮಾಡಿದರು. ಜನ ತಿರುಗಿ ನೋಡಿದರು. ಕೈ ಅಡ್ಡ ಹಾಕಿದರು. ಸಂಜೆಯ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

4. ದೂರಿನ ತನಿಖೆಗಾಗಿ ಈ ಕೆಳಗೆ ಸಹಿ ಮಾಡಿರುವ ಉಪನಿರ್ದೇಶಕರು ಖುದ್ದಾಗಿ ಬಸ್ಸು ಹತ್ತಿದರು. ನಡೆದ ಮಾತುಕತೆಯನ್ನು ನಡಾವಳಿಗಾಗಿ ಯಥಾವತ್ತಾಗಿ ದಾಖಲಿಸಲಾಗಿದೆ:
"ಹೀಗೆ ಸದ್ದು ಮಾಡೋಕೆ ಯಾರಮ್ಮ ಅನುಮತಿ ಕೊಟ್ಟಿದ್ದು?"
"ಯಂತ್ರದಿಂದ ಸದ್ದು ಬರಬಾರದು ಅಂತ ನಿಮ್ಮ ನಿಯಮ ಸರ್. ಇದು ನನ್ನ ಗಂಟಲು."
ಇಷ್ಟು ಹೇಳುವಷ್ಟರಲ್ಲಿ ಆ ಗಂಟಲು ಕೈಕೊಟ್ಟಿತು. ಮುಂದಿನ ನಿಲ್ದಾಣದಲ್ಲಿ ಜನ ಬೆನ್ನು ತಿರುಗಿಸಿಯೇ ನಿಂತಿದ್ದರು. ಆಗ ಮುಂದಿನ ಸೀಟಿನಲ್ಲಿದ್ದ ಕಂಡಕ್ಟರಮ್ಮನವರ ತಾಯಿಯು ಉಪನಿರ್ದೇಶಕರ ತೋಳು ಹಿಡಿದು, "ಏನಪ್ಪಾ, ಗೂಟದ ಹಾಗೆ ನಿಂತಿದೀಯಲ್ಲ. ನಂಗೆ ಉಸಿರಿಲ್ಲ, ಅವಳಿಗೆ ಗಂಟಲಿಲ್ಲ. ನಿಂಗೇನಾಗಿದೆ?" ಎಂದು ವಿಚಾರಿಸಿದರು.

5. ಉಪನಿರ್ದೇಶಕರು ಆಚೀಚೆ ನೋಡಿ, ಮೊದಲು ಮೆಲ್ಲಗೆ, ನಂತರ ಜೋರಾಗಿ ಸದ್ದು ಮಾಡಿದರು. ಮೂವರು ಹೆಂಗಸರು, ಇಸ್ತ್ರಿಯವರೊಬ್ಬರು ಮತ್ತು ಒಂದು ಇಡೀ ಮದುವೆ ದಿಬ್ಬಣ ಹತ್ತಿತು. ಬಾಲ್ಯದ ನಂತರ ಇಷ್ಟು ಖುಷಿಯಾದದ್ದು ಇದೇ ಮೊದಲು ಎಂದು ಅವರು ತನಿಖಾ ವರದಿಯಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಹೊಡೆದುಹಾಕುವಂತೆ ಮೇಲಧಿಕಾರಿಗಳು ಸೂಚಿಸಿದ್ದು, ಪರಿಶೀಲಿಸಿ ಹಾಗೆಯೇ ಉಳಿಸಿಕೊಳ್ಳಲಾಗಿದೆ.

6. ಆದುದರಿಂದ ಬಸ್ಸನ್ನು ಸ್ಥಳಾಂತರಿಸುವ ಆದೇಶವನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಬಾಯಿಸದ್ದಿಗೆ ಕೆಳಕಂಡ ನಿಯಮಗಳು ಅನ್ವಯವಾಗತಕ್ಕದ್ದು:

(ಕ) ಸದ್ದು ಬಸ್ಸಿನದ್ದೇ ಆಗಿರತಕ್ಕದ್ದು. ರೈಲು, ವಿಮಾನ, ಕುಕ್ಕರ್ ಇತ್ಯಾದಿಗಳ ಸದ್ದು ಮಾಡಿ ಸಾರ್ವಜನಿಕರಲ್ಲಿ ಸುಳ್ಳು ನಿರೀಕ್ಷೆ ಹುಟ್ಟಿಸತಕ್ಕದ್ದಲ್ಲ.

(ಖ) ಏರಿನಲ್ಲಿ ಗೇರ್ ಬದಲಾಯಿಸಿದಂತೆ ಕೇಳಿಸತಕ್ಕದ್ದು. ಇಳಿಜಾರಿನಲ್ಲಿ ಗಂಟಲಿಗೆ ವಿಶ್ರಾಂತಿ.

(ಗ) ಕಂಡಕ್ಟರಮ್ಮನವರು ನೀರು ಕುಡಿಯುವಾಗ ಸದ್ದಿನ ಹೊಣೆ ಮುಂದಿನ ಸೀಟಿನವರದ್ದು. ಕಟ್ಟಿಸಿದ ಹಲ್ಲಿರುವವರು ಅವನ್ನು ಮೊದಲು ಕೈಯಲ್ಲಿ ಹಿಡಿದುಕೊಳ್ಳತಕ್ಕದ್ದು.

(ಘ) ಹಳೆಯ ಬಸ್ಸಿನ ನೆನಪಾಗಿ ಕೆಮ್ಮುವುದನ್ನು ನಿಷೇಧಿಸಲಾಗಿದೆ. ನಿಜವಾದ ಕೆಮ್ಮಿಗೆ ವೈದ್ಯರ ಚೀಟಿ ಹಾಜರುಪಡಿಸತಕ್ಕದ್ದು.

(ಙ) ಕಾರಿಲ್ಲದೆ ಕಚೇರಿಗೆ ಬರಲಾಗದು ಎನ್ನುವ ಅಧಿಕಾರಿಗಳು ಬಾಯಿಯಿಂದ ಕಾರಿನ ಸದ್ದು ಮಾಡುತ್ತಾ ನಡೆದು ಬರಬಹುದು. ಕಚೇರಿಯ ಅಂಗಳದಲ್ಲಿ ಅವರಿಗೆ ನೆರಳಿನ ಜಾಗ ಕಾಯ್ದಿರಿಸಲಾಗುವುದು.

7. ಒಂದು ಬಸ್ಸು ಸಾಲದೆ ಜನ ಬಾಗಿಲಿಗೆ ಜೋತುಬೀಳುತ್ತಿರುವುದರಿಂದ, ಗುಡ್ಡದ ಎಲ್ಲ ಬೀದಿಗಳಿಗೂ ವಿದ್ಯುತ್ ಬಸ್ ಕೋರಿ ರಾಜ್ಯಕ್ಕೆ ಪ್ರಸ್ತಾವನೆ ಕಳಿಸಲಾಗಿದೆ. ಅದರ ಕೆಳಗೆ ಬಡಾವಣೆಯವರೆಲ್ಲರೂ ಸಹಿ ಹಾಕಿದ್ದಾರೆ. ಹಾಳೆ ಸಾಲದ ಕಡೆ ಹಿಂಬದಿ ನೋಡುವುದು.

(ಸಹಿ)
ಉಪನಿರ್ದೇಶಕರು
ಸಹಿ ಓರೆಯಾಗಿರುವುದಕ್ಕೆ ವಿಷಾದಿಸಲಾಗಿದೆ. ಸೀಟು ಸಿಗಲಿಲ್ಲ.

ಪ್ರತಿಗಳು:
– ರಾಜ್ಯ ಹವಾಮಾನ ಕೋಶಕ್ಕೆ, ತುರ್ತು ಕ್ರಮಕ್ಕಾಗಿ.
– ಕಂಡಕ್ಟರಮ್ಮನವರಿಗೆ, ಬಿಸಿನೀರಿನ ಫ್ಲಾಸ್ಕ್ ಸಮೇತ.
– ದೂರುದಾರರಿಗೆ. ಇವರು ಈಗ ಹಿಂಬಾಗಿಲಿನ ಸದ್ದಿನ ಗೌರವ ಉಸ್ತುವಾರಿ.
– ಉಪನಿರ್ದೇಶಕರ ಮನೆಯವರಿಗೆ: ಕಾರು ಮಾರಲು ಅಡ್ಡಿಯಿಲ್ಲ.