ಕಲ್ಲಪ್ಪನ ಬಾಯಿಗೆ ಬೀಗ

"ಇವತ್ತ ನನ್ನ ಬಾಯಿಂದ ಒಂದ ಪ್ರಶ್ನಾ ಬಿದ್ರ ನಾ ಕಲ್ಲಪ್ಪನ ಅಲ್ಲ! ಬೀರಪ್ಪನ ಆಣಿ!"

ಬಾಗಲಕೋಟೆಯ ನವನಗರದ ಮನೆಯಲ್ಲಿ ಕಲ್ಲಪ್ಪ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಚಂದವ್ವ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ. "ಹೋದ ಸಲಾನೂ ಹಿಂಗ ಅಂದಿದ್ರಿ" ಎಂದಳು.

ಹೋದ ಸಲದ ಕಥೆ ಓಣಿಗೇ ಗೊತ್ತು. ಕಲ್ಲಪ್ಪನಿಗೆ ಸಾಮಾನ್ಯಜ್ಞಾನದ ಹುಚ್ಚು. ಕಚೇರಿಗೆ ಅರ್ಜಿ ಹಿಡಿದು ಬಂದವರನ್ನೂ "ಕಬಡ್ಡಿ ತಂಡದಾಗ ಎಷ್ಟ ಮಂದಿ?" ಎಂದು ಕೇಳಿಯೇ ಕಾಗದ ಮುಟ್ಟುವ ಆಸಾಮಿ. ತಂಗಿ ಅನುರಾಧಾಳನ್ನು ನೋಡಲು ಬಂದ ವರನಿಗೆ, ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂದು ಕೇಳಿದ್ದ. ಪಾಪ, ಆ ಹುಡುಗ "ಒಂದ ಅಲ್ಲೇನ್ರಿ?" ಎಂದ. "ಮೂರಪಾ, ಮೂರು!" ಎಂದು ಕಲ್ಲಪ್ಪ ಹೊಟ್ಟೆ ಹಿಡಿದು ನಕ್ಕ. ಚಹಾ ಆರುವ ಮೊದಲೇ ಆ ಸಂಬಂಧ ಗೇಟು ದಾಟಿತ್ತು! ಇವತ್ತು ನೋಡಲು ಬರುವ ಸಂಬಂಧವೂ ತಪ್ಪಿದರೆ ತಂಗಿಗೆ ಮುಖ ತೋರಿಸುವುದು ಹೇಗೆಂಬ ಅಳುಕು ಅವನಿಗೂ ಇತ್ತು.

ಶಿರೂರಿನಿಂದ ಬೀರಲಿಂಗಪ್ಪ, ಅವರ ಹೆಂಡತಿ ಪದ್ಮವ್ವ, ಮಗ ಹಣಮೇಶ ಬಂದರು. "ಬರ್ರಿ, ಕೂಡ್ರಿ" ಎಂದವನೇ ಕಲ್ಲಪ್ಪ ಬಾಯಿಗೆ ಬೀಗ ಹಾಕಿಕೊಂಡ. ಬಸ್ಸು ಬೇಗ ಸಿಕ್ಕಿತೇ ಎಂದು ಕೇಳಬಹುದಿತ್ತು. ಆದರೆ ಅದೂ ಪ್ರಶ್ನೆಯೇ!

ಅನುರಾಧಾ ಇಳಕಲ್ ಸೀರೆಯುಟ್ಟು ಬಂದು ಚಾಪೆಯ ಮೇಲೆ ಕುಳಿತಳು. ಹುಡುಗನ ಕಡೆಯ ಹಿರಿಯರು ಈಗ ಹೆಸರೇನು, ಎಷ್ಟು ಓದಿದ್ದೀ ಎಂದು ಕೇಳುವುದು ರೂಢಿ. ಬೀರಲಿಂಗಪ್ಪ ಬಾಯಿ ತೆರೆದರು. ಪದ್ಮವ್ವ ಕೆಮ್ಮಿದರು. ಬೀರಲಿಂಗಪ್ಪ ಬಾಯಿ ಮುಚ್ಚಿದರು.

ಹುಡುಗಿಯನ್ನು ಒಂದು ಮಾತೂ ಕೇಳದಿದ್ದರೆ ಒಪ್ಪಿಗೆಯಿಲ್ಲ ಎಂದೇ ಅರ್ಥ. ಚಂದವ್ವನ ಮುಖ ಸಪ್ಪಗಾಯಿತು. ಅತ್ತ ಪದ್ಮವ್ವನಿಗೆ ಬೇರೆಯೇ ಅನುಮಾನ: ಹುಡುಗಿಯ ಅಣ್ಣ ಗುಮ್ಮನಂತೆ ಕುಳಿತಿದ್ದಾನೆ, ಇವರಿಗೇ ನಾವು ಬೇಡವೇನೋ! "ಹಂಗಾರ ಬರ್ತೇವ್ರಿ" ಎಂದು ಎದ್ದೇಬಿಟ್ಟರು.

ಆಗ ಗೋಡೆಯ ಮೇಲೆ ಕಾದಾಡುತ್ತಿದ್ದ ಎರಡು ಹಲ್ಲಿಗಳಲ್ಲಿ ಒಂದರ ಬಾಲ ಕಳಚಿ, ಅವಲಕ್ಕಿ ತಾಟಿನ ಪಕ್ಕ ಬಿದ್ದು ಕುಣಿಯತೊಡಗಿತು. ಎಲ್ಲರೂ ಹಿಂದೆ ಸರಿದರು. ಇಬ್ಬರು ಮಾತ್ರ ಮುಂದೆ ಬಗ್ಗಿದರು.

"ಬಾಲ ಮತ್ತ ಬೆಳಿತೈತಿ, ಖರೆ. ಆದ್ರ ಹೊಸಾ ಬಾಲದಾಗ ಎಲುಬು ಇರ್ತೈತೇನು?" ಬೀರಲಿಂಗಪ್ಪನವರ ಬಾಯಿ ಜಾರಿತು.

"ಇಲ್ರಿ ಕಾಕಾರ! ಬರೇ ಮೃದ್ವಸ್ಥಿ!" ಕಲ್ಲಪ್ಪ ಸಿಡಿದ.

ಪದ್ಮವ್ವ ಹಣೆ ಬಡಿದುಕೊಂಡರು. "ಯಾರಿಗೂ ಏನೂ ಕೇಳಂಗಿಲ್ಲಂತ ಆಣಿ ಮಾಡಿ ಬಂದಿದ್ರಲ್ರಿ!"

"ನಿಮ್ಮವರೂ ಹಿಂಗ ಏನ್ರಿ ಅಕ್ಕಾರ?" ಚಂದವ್ವ ನಗು ತಡೆಯಲಾರದೆ ಕೇಳಿದಳು. ಪದ್ಮವ್ವನೂ ನಕ್ಕರು.

"ನನ್ನ ಆಣಿ ಮುರದಿಲ್ಲ ಮತ್ತ! ನಾ ಉತ್ತರಾ ಹೇಳೀನಿ, ಪ್ರಶ್ನಾ ಕೇಳಿಲ್ಲ" ಎಂದ ಕಲ್ಲಪ್ಪ, ಮರುಕ್ಷಣವೇ "ಒಂಟೆಯ ಕಣ್ಣಿಗೆ ಎಷ್ಟ ರೆಪ್ಪಿ ಹೇಳ್ರಿ?" ಎಂದ. ಆಣೆ ಇಟ್ಟ ಬೀರಪ್ಪ ದೇವರೇ ಕ್ಷಮಿಸಬೇಕು! ಅಲ್ಲಿಂದ ಶುಕ್ರಗ್ರಹ, ಮ್ಯಾರಥಾನ್, ಆಕ್ಟೋಪಸ್ಸು. ಯಾರು ಒಳಗೆ ಹೋದರು, ಯಾರು ಹಿತ್ತಿಲಿಗೆ ಹೋದರು, ಇಬ್ಬರಿಗೂ ಪರಿವೆಯಿಲ್ಲ. ಬಾಯಿಯ ಬೀಗ ಒಡೆದು ಬೀಗತನ ಕೂಡಿತು. "ಇಂಥಾ ಮನಿ ನಮಗ ಮತ್ತೆಲ್ಲಿ ಸಿಗಬೇಕು!" ಎಂದು ಬೀರಲಿಂಗಪ್ಪನವರು ಸಕ್ಕರೆ ಹಂಚಿಯೇ ಹೋದರು.

ಕಲ್ಲಪ್ಪ ಮೀಸೆ ತಿರುವಿದ. "ನೋಡಿದೇನು? ಸಾಮಾನ್ಯಜ್ಞಾನದಿಂದನ ಲಗ್ನ ಕುದುರ್ತು!"

"ಒಂದ ಪ್ರಶ್ನಾ ಬಿಟ್ರಿ" ಎಂದಳು ಚಂದವ್ವ. "ಹುಡುಗ ಮನಸ್ಸಿಗೆ ಬಂದಾನೋ ಇಲ್ಲೋ, ತಂಗೀನ ಕೇಳಿದ್ರೇನು?"

ಕಲ್ಲಪ್ಪನ ಕೈ ಮೀಸೆಯಿಂದ ಜಾರಿತು. ಜಗತ್ತನ್ನೆಲ್ಲ ಕೇಳಿದವನು ತಂಗಿಯನ್ನೇ ಕೇಳಿರಲಿಲ್ಲ! ನಾಚಿಕೆಯಿಂದ ಅವಳ ಮುಂದೆ ಹೋಗಿ ನಿಂತ. "ಅನು, ನಿನಗ... ಒಪ್ಪಿಗಿ ಐತೇನು?"

"ನೀವಿಬ್ಬರೂ ಆಕ್ಟೋಪಸ್ಸಿನ ಹೃದಯ ಎಣಸಾಕತ್ತಿದ್ರಲ್ಲ ಅಣ್ಣಾ, ಆವಾಗ ನಾವು ಹಿತ್ತಲದಾಗ ಮಾತಾಡಿ ಮುಗಿಸಿದ್ವಿ."

"ಹೌದಾ? ಏನ ಕೇಳಿದಿ?"

"ಒಂದ ಪ್ರಶ್ನಾ. 'ನಿಮಗೂ ನಿಮ್ಮ ಅಪ್ಪಾರ ಚಟಾ ಐತೇನ್ರಿ?' ಅಂದ್ನಿ. ಇಲ್ಲಂದ್ರು. ಹಂಗಾರ ಹೂಂ ಅಂದ್ನಿ!"