ಅತ್ತೆಗೆ ಬಡಿಸಿದ ಇಟಲಿ ಕೋಳಿ

ಉಚ್ಚಂಗಪ್ಪ ತನ್ನ ಮನೆಯೊಳಗೆ ಕಾಲಿಡಬೇಕಾದರೆ ಮೊದಲು ಕೆಮ್ಮಬೇಕಾಗಿತ್ತು. ಕೆಮ್ಮಿ, ಹೊಸ್ತಿಲಾಚೆ ನಿಂತು, ಒಳಗಿನ ಬಳೆ ಸದ್ದು ಹಿಂದಿನ ಬಾಗಿಲು ದಾಟಿ ಹೋಯಿತೆಂದು ಖಾತ್ರಿಯಾದ ಮೇಲೆ ತಲೆ ತಗ್ಗಿಸಿಕೊಂಡು ಹೋಗಬೇಕು.

ಅವನ ಅತ್ತೆ ಸುಂಕಲಮ್ಮ ಹಳೇ ಕಾಲದ ಮರ್ಯಾದೆಯವರು. ಅಳಿಯನ ಎದುರು ಕೂರುವವರಲ್ಲ, ಅಳಿಯನ ಮುಖ ನೋಡಿ ಮಾತಾಡುವವರಲ್ಲ. ಅಳಿಯ ನಡುಮನೆಗೆ ಬಂದರೆ ಅವರು ಅಡುಗೆಮನೆಗೆ. ಅಳಿಯ ಅಡುಗೆಮನೆಗೆ ಬಂದರೆ ಅವರು ಹಿತ್ತಲಿಗೆ. ಹೇಳಲೇಬೇಕಾದ ಮಾತಿದ್ದರೆ ನಡುಮನೆಯ ಕಂಬಕ್ಕೆ ಹೇಳುವರು, ಅಳಿಯ ಕೇಳಿಸಿಕೊಳ್ಳಬೇಕು. ಇದೆಲ್ಲ ದೊಡ್ಡ ತೊಟ್ಟಿಯ ಮನೆಗಳಿಗೆ ಹೇಳಿ ಮಾಡಿಸಿದ ಮರ್ಯಾದೆ. ಶಿಕಾರಿಪುರದಲ್ಲಿ ಉಚ್ಚಂಗಪ್ಪ ಬಾಡಿಗೆಗಿದ್ದ ಮನೆಗೆ ಇದ್ದದ್ದೇ ಎರಡು ಅಂಕಣ. ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನ ಕೊಡಲೆಂದು ಸೊರಬ ಸೀಮೆಯ ಕುಬಟೂರಿನಿಂದ ಬಂದ ಸುಂಕಲಮ್ಮ ಇಪ್ಪತ್ತೆರಡು ದಿನದಿಂದ ಅಲ್ಲೇ ಇದ್ದರು. ಅಷ್ಟು ದಿನವೂ ಅತ್ತೆ ಅಳಿಯ ಇಬ್ಬರೂ ರಾಟೆಯ ಹಗ್ಗದ ಎರಡು ತುದಿಗೆ ಕಟ್ಟಿದ ಕೊಡಗಳ ಹಾಗೆ, ಒಂದು ಮೇಲೆ ಬಂದರೆ ಒಂದು ಕೆಳಕ್ಕೆ ಇಳಿಯುತ್ತ ಕಾಲ ಹಾಕಿದ್ದರು.

ಉಚ್ಚಂಗಪ್ಪ ತಾಲ್ಲೂಕು ಕಚೇರಿಯ ದಫೇದಾರ. ಕೆಮ್ಮು ಎಷ್ಟು ಅಭ್ಯಾಸವಾಯಿತೆಂದರೆ ಅಮಲ್ದಾರರ ಕೋಣೆಗೂ ಕೆಮ್ಮಿಕೊಂಡೇ ಹೋಗತೊಡಗಿದ. ಅವರು "ಎದೆ ತೋರಿಸ್ಕೊಳ್ರೀ" ಎಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಊಟವಾದ ಮೇಲೆ ಮನೆಯಲ್ಲಿ ಕಾಲು ಚಾಚುವ ಹಾಗಿಲ್ಲ, ಅಂಗಿ ಬಿಚ್ಚುವ ಹಾಗಿಲ್ಲ. ನಿದ್ದೆ ಜಗಲಿಯ ಮೇಲೆ, ಸೊಳ್ಳೆಗಳ ಸಂಗಡ. ಅತ್ತೆಮ್ಮ ಊರಿಗೆ ಹೋದರೆ ಸಾಕಿತ್ತು. ಆದರೆ ಹೋಗಿ ಎನ್ನುವುದು ಹೇಗೆ? ಮಾತೇ ಆಡದವರಿಗೆ ಆ ಮಾತು ಹೇಳುವುದುಂಟೇ?

ಶನಿವಾರ ಸಂಜೆ ಹಿತ್ತಲಿನಲ್ಲಿ ಸುಂಕಲಮ್ಮ ಪಕ್ಕದ ಮನೆಯ ವರದಮ್ಮನ ಹತ್ತಿರ ಹೇಳುತ್ತಿದ್ದ ಮಾತು ಜಗಲಿಯಲ್ಲಿದ್ದ ಅವನ ಕಿವಿಗೆ ಬಿತ್ತು.

"ಖಾರ ಇಲ್ದಿರೋ ಮನೇಲಿ ಒಂದೊತ್ತು ನಿಲ್ಲಾಕಿ ಅಲ್ಲ ಕಣೇ ನಾನು. ತಂಗಿ ಮಗನ ಮದ್ವೇಲಿ ಸಾರು ಸಪ್ಪೆ ಅಂತ ಪಂಕ್ತಿಯಿಂದ ಎದ್ದು, ಸೀದಾ ಗಾಡಿ ಹತ್ತಿದಾಕಿ."

ಉಚ್ಚಂಗಪ್ಪನಿಗೆ ಕತ್ತಲಲ್ಲಿ ಯಾರೋ ಲಾಂದ್ರ ಹಿಡಿದುಕೊಂಡು ಬಂದ ಹಾಗಾಯಿತು.

ಅದಕ್ಕೆ ಕಾರಣವಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವನು ಬೆಂಗಳೂರಿನಲ್ಲಿ ಇಟಲಿಯ ಕೈದಿಗಳನ್ನಿಟ್ಟಿದ್ದ ಕ್ಯಾಂಪಿಗೆ ಪಹರೆ ಮಾಡಿದವನು. ಅಲ್ಲಿ ಪೇತ್ರು ಎಂಬ ಕೈದಿ, ಹಿಡಿಕೆಯಿದ್ದ ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಕೋಳಿ ಮಾಡುತ್ತಿದ್ದ. ಎಣ್ಣೆ, ಬೆಳ್ಳುಳ್ಳಿ, ಟಮಾಟೆ ಹಣ್ಣು, ಒಂದು ಹಿಡಿ ಸೊಪ್ಪು. ಅರ್ಧ ಗಂಟೆಯಲ್ಲಿ ಅಡುಗೆ ಮುಗಿಯುತ್ತಿತ್ತು. ಮೆಣಸಿನಕಾಯಿ ಎಂಬ ವಸ್ತುವನ್ನು ದೇವರು ಸೃಷ್ಟಿಸಿದ್ದಾನೆಂದೇ ಪೇತ್ರುವಿಗೆ ಗೊತ್ತಿದ್ದ ಹಾಗಿರಲಿಲ್ಲ. ಒಮ್ಮೆ ಪ್ರೀತಿಯಿಂದ ಕೊಟ್ಟ ತುಂಡನ್ನು ಉಚ್ಚಂಗಪ್ಪ ಬಾಯಿಗಿಟ್ಟು, ನೆನೆದ ಗೋಣಿತಾಟು ಅಗಿದ ಹಾಗೆ ಅಗಿದಿದ್ದ. ಬಿಡುಗಡೆಯಾಗಿ ಹೋಗುವಾಗ ಪೇತ್ರು ಅವನನ್ನು ತಬ್ಬಿಕೊಂಡು ಅತ್ತು, ಆ ಬಾಣಲೆಯನ್ನೇ ನೆನಪಿಗೆ ಕೊಟ್ಟ. ಹನ್ನೆರಡು ವರ್ಷದಿಂದ ಅದು ಬಚ್ಚಲ ಹಂಡೆಗೆ ಮುಚ್ಚಳವಾಗಿತ್ತು.

ಭಾನುವಾರ ಬೆಳಿಗ್ಗೆ ಉಚ್ಚಂಗಪ್ಪ ಕೆಮ್ಮಿ ಒಳಗೆ ಬಂದು ಹೆಂಡತಿಗೆ ಹೇಳಿದ:

"ಹೂವೀ, ಇವತ್ತು ರಾತ್ರಿ ಅಡಿಗೆ ನಂದು. ಅತ್ತೆಮ್ಮ ಬಂದು ಇಷ್ಟು ದಿನ ಆತು, ನನ್ನ ಕೈಯಾರೆ ಒಂದು ತುತ್ತು ಹಾಕ್ಲಿಲ್ಲ. ಇಟಲಿ ಕೋಳಿ ಮಾಡ್ತೀನಿ."

ಹೂವಮ್ಮ ಗಂಡನ ಹಣೆ ಮುಟ್ಟಿ ನೋಡಿದಳು. ಅಡುಗೆಮನೆಯ ಕತ್ತಲಿನಿಂದ ಕಂಬಕ್ಕೊಂದು ಮಾತು ಬಂತು.

"ಕಂಬವೇ, ಅಳಿಯಂದ್ರು ಯಾಕೆ ಕಷ್ಟ ಪಡ್ತಾರೆ ಅಂತ ಕೇಳು."

"ಕಷ್ಟ ಏನೂ ಇಲ್ಲ ಅಂತ ಹೇಳು," ಎಂದು ಉಚ್ಚಂಗಪ್ಪ ಕಂಬಕ್ಕೆ ಕೈಮುಗಿದ.

ಕೋಳಿ ತರಲು ಹೊರಟವನು ಹುಚ್ಚರಾಯಸ್ವಾಮಿಯ ಗುಡಿಯ ಮುಂದೆ ನಿಂತ. 'ಸ್ವಾಮಿ, ಯಾರಿಗೂ ಕೇಡು ಬಯಸಿದವನಲ್ಲ ನಾನು. ಅವರ ಊರಿಗೆ ಅವರು ನಾಳೆ ಬೆಳಗಿನ ಬಸ್ಸಿಗೆ ಸುಖವಾಗಿ ಹೋಗಲಿ, ಅಷ್ಟೆ' ಎಂದು ಬೇಡಿಕೊಂಡ. ಮನಸ್ಸು ಹಗುರವಾಯಿತು. ಒಂದು ಹ್ಯಾಟೆ ಕೋಳಿ, ಒಂದು ಸೇರು ಟಮಾಟೆ ಹಣ್ಣು ಹಿಡಿದು ಬಂದ.

ಅಡುಗೆಮನೆಯಲ್ಲಿ ಅತ್ತೆಯಿದ್ದ ಕಾರಣ ಹಿತ್ತಲಿನಲ್ಲೇ ಮೂರು ಕಲ್ಲು ಹೂಡಬೇಕಾಯಿತು. ಅಲ್ಲೇ ಅವನು ಕೆಟ್ಟದ್ದು. ಹಿತ್ತಲೆಂದರೆ ಬೇಲಿ, ಬೇಲಿಯೆಂದರೆ ವರದಮ್ಮ.

"ಅದೇನು ದಫೇದಾರ್ರೇ, ಸ್ನಾನದ ಹಂಡೆ ಮುಚ್ಚಳ ಒಲೆ ಮೇಲೆ?"

"ಇಟಲಿ ಅಡಿಗೆ ವರದಮ್ಮೋರೇ. ನಿಮ್ಮ ಹಿತ್ಲಾಗಿನ ಕಾಮಕಸ್ತೂರಿ ಒಂದು ಹಿಡಿ ಕೊಡ್ತೀರಾ?"

ವರದಮ್ಮ ನಕ್ಕಳು. "ಹೂವಮ್ಮನ ಜಡೆಗಾ? ಮಕ್ಕಳೆರಡು ಆದ್ಮೇಲೂ ಭಾಳ ಪ್ರೀತಿ."

"ಜಡೆಗಲ್ಲ. ಕೋಳಿಗೆ."

ವರದಮ್ಮನ ನಗು ಅಲ್ಲೇ ನಿಂತಿತು. "ಕೋಳಿಗೆ ಕಾಮಕಸ್ತೂರಿ ಮುಡಿಸ್ತೀರಾ?"

"ಒಳಕ್ಕೆ ಹಾಕಿ ಬೇಯಿಸೋದು."

"ತುಳಸಮ್ಮನ ತಂಗಿ ಕಣ್ರೀ ಅದು. ಕೋಳಿ ಜೊತೆ ಬೇಯಿಸಿದ್ರೆ ಶಿವ ಮೆಚ್ತಾನಾ?" ಎಂದರೂ ಕೊನೆಗೆ ಕಿತ್ತುಕೊಟ್ಟಳು. ಕೊಟ್ಟವಳು ಬೇಲಿ ಬಿಟ್ಟು ಹೋಗಲಿಲ್ಲ. ಬಾಣಲೆಯೊಳಕ್ಕೆ ಇಣುಕಿ, ಕೊಬ್ಬರಿ ಎಲ್ಲಿ, ಧನಿಯ ಎಲ್ಲಿ, ಮೆಣಸಿನಕಾಯಿ ಎಲ್ಲಿ ಎಂದು ಪೊಲೀಸರ ಹಾಗೆ ವಿಚಾರಿಸಿದಳು. ಯಾವುದೂ ಇಲ್ಲವೆಂದು ತಿಳಿದಾಗ ಅವಳ ಕಣ್ಣು ತೇವವಾಯಿತು. ಬಡವರಾದರೂ ಇಷ್ಟು ಬಡವರೆಂದು ಅವಳಿಗೆ ಗೊತ್ತಿರಲಿಲ್ಲ. ಹತ್ತೇ ನಿಮಿಷದಲ್ಲಿ ರುಬ್ಬಿದ ಮಸಾಲೆಯ ಕೆಂಪು ಉಂಡೆಯೊಂದು ಬಾಳೆ ಎಲೆಯಲ್ಲಿ ಬೇಲಿ ದಾಟಿ ಬಂತು.

"ನಾಚ್ಕೋಬೇಡಿ. ನಮ್ಮನೇಲಿ ಜಾಸ್ತಿ ಆಗಿತ್ತು."

ಉಚ್ಚಂಗಪ್ಪ ಅದನ್ನು ಭಕ್ತಿಯಿಂದ ತೆಗೆದುಕೊಂಡು, ಅವಳು ತಿರುಗಿದ ಕೂಡಲೇ ಗೋಡೆಯ ಆಚೆ ಇಟ್ಟ. ಬೀದಿಯ ನಾಯಿಯೊಂದು ಬಂದು ಮೂಸಿ, ನಾಲ್ಕು ಸಲ ಸೀನಿ, ಅವನನ್ನು ದುರುಗುಟ್ಟಿ ನೋಡಿ ಹೋಯಿತು.

ಕೋಳಿ ಎಣ್ಣೆಯಲ್ಲಿ ಕೆಂಪಗಾಯಿತು. ಟಮಾಟೆ ಕರಗಿತು. ಇನ್ನು ಕುದಿಯಲು ಬಿಟ್ಟರೆ ಆಯಿತು ಎನ್ನುವಾಗ ಎದುರು ಮನೆಯ ದರ್ಜಿ ಹುಚ್ಚರಾಯಪ್ಪ ವಾಸನೆ ಹಿಡಿದು ಬಂದ. ಕಿವಿಯ ಮೇಲೆ ಸೀಮೆಸುಣ್ಣ, ಕೊರಳಲ್ಲಿ ಅಳತೆ ಟೇಪು. ಒಂದು ಬೆರಳು ಬಾಣಲೆಗೆ ಅದ್ದಿ ನೆಕ್ಕಿದ. ಮುಖ ಸಾವಿನ ಮನೆಗೆ ಬಂದವನ ಹಾಗಾಯಿತು.

"ಮಾರಾಯ, ಇದನ್ನ ಅತ್ತೆಮ್ಮಗೆ ಬಡಿಸ್ತೀಯಾ? ನಾಳೆ ಸೊರಬ ಸೀಮೆ ಪೂರ್ತಿ ನಿನ್ನ ಹೆಸರು ಹೇಳಿ ಉಗಿತಾರೆ."

"ನೀ ಸುಮ್ನಿರು. ಅವರ ದೇಶದ ರುಚಿನೇ ಹಂಗೆ."

"ಅದಕ್ಕೇ ಅವರು ಯುದ್ಧ ಸೋತಿದ್ದು."

ಉಚ್ಚಂಗಪ್ಪ ಒಂದು ಕೊಡ ನೀರು ಸೇದಿ ತರುವಷ್ಟರಲ್ಲಿ ಹಿತ್ತಲೆಲ್ಲ ಘಾಟು. ವರದಮ್ಮ ಬೇಲಿಯಾಚೆ ಕೆಮ್ಮುತ್ತಿದ್ದಳು. ಹುಚ್ಚರಾಯಪ್ಪ ಖಾಲಿ ಪೊಟ್ಟಣವೊಂದನ್ನು ಮಡಚಿ ಜೇಬಿಗೆ ಇಳಿಸುತ್ತಿದ್ದ.

"ಬ್ಯಾಡಗಿ ಪುಡಿ. ಮನೇಲಿ ಕೇಳಿದ್ರೆ ಹೆಂಡ್ತಿ ಕೊಡ್ತಿರ್ಲಿಲ್ಲ, ಕದ್ದು ತಂದೆ. ಉಪಕಾರ ನೆನೆಸ್ಕೋಬೇಡ, ನೆರೆಹೊರೆ ಅಂದ್ಮೇಲೆ ಇಷ್ಟೂ ಇಲ್ದಿದ್ರೆ ಹೆಂಗೆ?"

ಉಚ್ಚಂಗಪ್ಪ ಕೋಳಿಯ ತುಂಡುಗಳನ್ನೆಲ್ಲ ಬಕೆಟ್ಟಿನ ಬಿಸಿನೀರಿಗೆ ಸುರಿದ. ತೊಡೆ, ಎದೆ, ರೆಕ್ಕೆ ಒಂದೊಂದನ್ನೇ ಎತ್ತಿ, ಕಚೇರಿಯ ಡ್ರೆಸ್ಸು ಒಗೆಯುವ ಶ್ರದ್ಧೆಯಿಂದ ಮೂರು ನೀರಲ್ಲಿ ತೊಳೆದ. ಬೆರಳುಗಳು ಉರಿಯತೊಡಗಿದವು. ಮರೆತು ಕಣ್ಣೊರೆಸಿಕೊಂಡ, ಆ ಮೇಲೆ ಸ್ವಲ್ಪ ಹೊತ್ತು ಅವನು ಏನು ಮಾಡಿದನೆಂಬುದು ಹಿತ್ತಲಿನ ನುಗ್ಗೆ ಮರಕ್ಕೊಂದೇ ಗೊತ್ತು, ಏಕೆಂದರೆ ಅದನ್ನೇ ತಬ್ಬಿಕೊಂಡು ನಿಂತಿದ್ದ. ಹುಚ್ಚರಾಯಪ್ಪ ಬೇಲಿಯ ಹತ್ತಿರ ಹೋಗಿ ಪಿಸುಗುಟ್ಟಿದ:

"ವರದಮ್ಮೋರೇ, ಬೆಂದ ಕೋಳಿನ ಒಗೀತಾನೆ ಇವ್ನು. ಯಾರನ್ನಾದ್ರೂ ಕರೆಸಿ ತಾಯಿತ ಕಟ್ಟಿಸ್ಬೇಕು."

ಉಳಿದಿದ್ದ ಟಮಾಟೆಯಲ್ಲಿ ಮತ್ತೆ ಒಗ್ಗರಣೆಯಿಂದ ಶುರುವಾಯಿತು. ಈ ಸಲ ಉಚ್ಚಂಗಪ್ಪ ಒಳಗಿನಿಂದ ತನ್ನ ದಫೇದಾರಿ ಪಟ್ಟಿ ತಂದು ಹೆಗಲಿಗೆ ಹಾಕಿಕೊಂಡು, ಸೌದೆ ಹಿಡಿದು, ಖಜಾನೆಯ ಬಾಗಿಲಿಗೆ ನಿಲ್ಲುವಂತೆ ಬಾಣಲೆಯ ಮುಂದೆ ನಿಂತ. ಸಂಜೆ ಹೂವಮ್ಮ ಬಂದಳು. ಅವಳ ಸೆರಗಿನ ತುದಿ ಗಂಟಾಗಿತ್ತು, ಗಂಟಿನಿಂದ ಹಸಿಮೆಣಸಿನಕಾಯಿಯ ತೊಟ್ಟು ಇಣುಕುತ್ತಿತ್ತು.

"ರೀ, ಬರೇ ನಾಲ್ಕು. ನಮ್ಮವ್ವ ಎಂಥಾಕಿ ಅಂತ ಗೊತ್ತಲ್ಲ. ನಾನು ದಿನಾ ಎರಡು ಹಿಡಿ ಮೆಣಸಿನಕಾಯಿ ಅರೆದು ಹಾಕ್ತಿದೀನಿ, ನೀವು ಒಂದೇ ರಾತ್ರೀಲಿ ತೌರು ಮನೆ ಬಾಗ್ಲು ಮುಚ್ಚಿಸ್ತೀರಿ."

"ಇವತ್ತು ಈ ಬಾಣಲೆಗೆ ಅಮಲ್ದಾರ್ರು ಬಂದ್ರೂ ಖಾರ ಹಾಕೋ ಹಾಗಿಲ್ಲ."

ದೀಪ ಹಚ್ಚುವ ಹೊತ್ತಿಗೆ ಕೋಳಿ ಬೆಂದಿತು. ಉಚ್ಚಂಗಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡ. ಪೇತ್ರುವಿನ ಅದೇ ಕೈರುಚಿ, ಅದೇ ಗೋಣಿತಾಟು. ಸಂತೋಷದಿಂದ ಅವನ ಕಣ್ಣು ತುಂಬಿತು.

ಅತ್ತೆ ಉಣ್ಣುವಾಗ ಅಳಿಯ ಎದುರಿರುವ ಹಾಗಿಲ್ಲ. ಅವನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕತ್ತಲಲ್ಲಿ ಕೂತು ಕಿವಿಯೊಡ್ಡಿದ. ಮೊದಲು ಮಕ್ಕಳಿಬ್ಬರ ದನಿ ಕೇಳಿಸಿತು.

"ಅವ್ವಾ, ಇದು ಜ್ವರ ಬಂದೋರಿಗೆ ಮಾಡಿದ್ದಾ?"

"ಸುಮ್ನೆ ಉಣ್ರೇ," ಎಂದಳು ಹೂವಮ್ಮ. "ಅವ್ವ, ಎಲೆ ಅಂಚಿಗೆ ಹಸಿಮೆಣಸಿನಕಾಯಿ ಇಟ್ಟೀನಿ ನೋಡು. ಕಚ್ಕೊಂಡು ಉಣ್ಣು."

ಅದೊಂದನ್ನು ಉಚ್ಚಂಗಪ್ಪ ಯೋಚಿಸಿರಲಿಲ್ಲ. ಕರಕ್ ಎಂಬ ಸದ್ದಿಗಾಗಿ ಉಸಿರು ಬಿಗಿಹಿಡಿದು ಕಾದ. ಸದ್ದು ಬರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದ: ಸುಂಕಲಮ್ಮ ಮೆಣಸಿನಕಾಯಿಯನ್ನು ಎಲೆಯಿಂದಾಚೆ ಸರಿಸಿ, ತಲೆ ತಗ್ಗಿಸಿ ಕೂತಿದ್ದರು. ಮೆಣಸಿನಕಾಯಿಯಿಂದಲೂ ಸುಧಾರಿಸದಷ್ಟು ಅಡುಗೆ ಕೆಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು. ಸುಂಕಲಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಉಚ್ಚಂಗಪ್ಪನಿಗೆ ಅರೆಗಳಿಗೆ ಪಾಪವೆನಿಸಿತು. ಹಿರಿಯ ಜೀವ, ಒಂದೊಳ್ಳೆ ಹಚ್ಚಡ ತಂದು ಕಳಿಸೋಣ ಎಂದುಕೊಂಡ.

"ಅವ್ವ, ಬ್ಯಾಡ ಅಂದ್ರೆ ಬಿಡು. ಉಪ್ಪಿನಕಾಯಿ ಹಾಕ್ತೀನಿ," ಎಂದಳು ಹೂವಮ್ಮ, ಅಳುವ ದನಿಯಲ್ಲಿ.

"ಇನ್ನೊಂದಿಷ್ಟು ಹಾಕು," ಎಂದರು ಸುಂಕಲಮ್ಮ.

"ಉಪ್ಪಿನಕಾಯಿನಾ?"

"ಕೋಳಿ ಹಾಕೇ. ಆ ರಸಾನೂ ಹಾಕು."

ಸ್ವಲ್ಪ ಹೊತ್ತು ಸೊರ ಸೊರ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಸುಂಕಲಮ್ಮ ಬಹಳ ನಿಧಾನವಾಗಿ ಮಾತಾಡಿದರು.

"ಎರಡು ವರ್ಷ ಆತು ಕಣೇ ಹೂವೀ, ಹೊಟ್ಟೆ ಉರಿ ಶುರು ಆಗಿ. ಖಾರ ಅಂತ ಒಂದು ಚೂರು ಬಿದ್ರೆ ಸಾಕು, ಕೆಂಡ ನುಂಗಿದ ಹಂಗೆ. ಆನವಟ್ಟಿ ಪಂಡಿತ್ರು ಮೆಣಸಿನಕಾಯಿ ಮುಟ್ಟಬ್ಯಾಡ ಅಂದಾರೆ. ಯಾರಿಗೆ ಹೇಳ್ಲಿ? ಊರಾಗೆ ಸುಂಕಲಮ್ಮ ಅಂದ್ರೆ ಖಾರ, ಖಾರ ಅಂದ್ರೆ ಸುಂಕಲಮ್ಮ. ನಾಚ್ಕೆಗೆ ಬಾಯಿ ಬಿಡ್ಲಿಲ್ಲ. ಇಲ್ಲಿ ನೀನು ನನ್ನ ಮೇಲಿನ ಪ್ರೀತಿಗೆ ದಿನಾ ಹಿಡಿಗಟ್ಟಲೆ ಅರೆದು ಹಾಕ್ದೆ. ಇಪ್ಪತ್ತೆರಡು ದಿನ ಹೊಟ್ಟೆ ಹಿಡ್ಕೊಂಡು ಮಲಗೀನಿ. ಇವತ್ತು ಅಳಿಯಂದ್ರ ಕೈಯಿಂದ ಹೊಟ್ಟೆ ತಣ್ಣಗಾತು. ಆ ಗಂಟು ಬಿಚ್ಚಿಡು."

"ಯಾವ ಗಂಟು?" ಮೆಟ್ಟಿಲ ಮೇಲಿದ್ದ ಉಚ್ಚಂಗಪ್ಪನಿಗೆ ತಡೆಯಲಾಗಲಿಲ್ಲ.

ಹೂವಮ್ಮ ಬಾಗಿಲಿಗೆ ಬಂದಳು. ಅವಳ ಮುಖ ಅರಳಿತ್ತು. "ಅವ್ವ ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ಲು ಕಣ್ರಿ. ಮಧ್ಯಾಹ್ನನೇ ಸೀರೆ ಎಲ್ಲ ಗಂಟು ಕಟ್ಟಿದ್ಲು. ಅಳಿಯಂದ್ರು ಆಸೆಯಿಂದ ಅಡಿಗೆ ಮಾಡ್ತಾರೆ, ಉಂಡು ಹೋಗೋಣ, ಮೊದ್ಲೇ ಹೇಳಿದ್ರೆ ಬೇಜಾರು ಮಾಡ್ಕೊಂಡಾರು ಅಂತ ಬಾಯಿ ಮುಚ್ಚಿಸಿದ್ಲು. ಈಗ ಹೋಗಲ್ವಂತೆ. ದೀಪಾವಳಿ ತನಕ ಇರ್ತಾಳಂತೆ, ನೀವು ಹೊತ್ತೊತ್ತಿಗೆ ಇದೇ ಥರ ಏನಾದ್ರೂ ಮಾಡಿ ಹಾಕಿದ್ರೆ."

ಹೂವಮ್ಮ ಗಂಡನ ಎಲೆಯನ್ನು ಮೆಟ್ಟಿಲ ಮೇಲೇ ಹಾಸಿ, ರೊಟ್ಟಿ ಇಟ್ಟು, ಬಾಣಲೆಯಲ್ಲಿ ಉಳಿದ ಕೋಳಿಯನ್ನೆಲ್ಲ ಬಡಿಸಿ, ಒಂದು ಬುಟ್ಟಿ ಹೊತ್ತುಕೊಂಡು ಬೇಲಿಯ ಕಡೆ ಹೋಗಿಬಂದಳು. ಅವನು ಒಂದು ತುಂಡು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಕಷ್ಟಪಟ್ಟು ನುಂಗಿದ.

"ಒಂಚೂರು ಖಾರದ ಪುಡಿ ತಗೊಂಡು ಬಾರೇ."

"ಎಲ್ಲಿದೆ ರೀ ಖಾರದ ಪುಡಿ?" ಎಂದಳು ಹೂವಮ್ಮ. "ಪಾಪ, ಅವ್ವಗೆ ಅದರ ಘಾಟೂ ಆಗಲ್ವಂತೆ. ಡಬ್ಬಿ, ಒಣಮೆಣಸಿನಕಾಯಿ, ಉಪ್ಪಿನಕಾಯಿ ಭರಣಿ, ಎಲ್ಲ ಈಗ ತಾನೆ ಬೇಲಿ ಮೇಲಿಂದ ವರದಮ್ಮಂಗೆ ಕೊಟ್ಬಿಟ್ಟೆ. ದೀಪಾವಳಿ ಆಗೋ ತನಕ ಈ ಮನೇಲಿ ಎಲ್ರಿಗೂ ಇಟಲಿ ಊಟಾನೇ."